ಐವತ್ತು ಸಾವಿರಕ್ಕೂ ಮೊದಲು ಏಳು ಟಿಕೆಟ್



ಕನ್ನಡದ ಕೆಲಸಕ್ಕೆ ಅಂತ ಇರೋ ಈ ಪುಟದಲ್ಲಿ ಜಪಾನಿನ ಪಾಪ್ ಸಂಗೀತದ ಮಾತು ಯಾಕೆ ಅಂತ ನೀವು ಕೇಳಬಹುದು. ಕೇಳಲೇಬೇಕು. ನಮ್ಮ ಉತ್ತರ ಇಷ್ಟು.

ಮಂಜೇಶ್ವರದ ಕಾಲೇಜಿಗೆ ಹೋಗಿ, ಅಕ್ಕಲಕೋಟೆಯ ಕೋಚಿಂಗ್ ಕ್ಲಾಸಿಗೆ ಹೋಗಿ, ತಾಳವಾಡಿಯಿಂದ ಘಾಟಿ ಇಳಿಯೋ ಬಸ್ಸಿನಲ್ಲಿ ಕೂತು ನೋಡಿ. ಇಯರ್‌ಫೋನ್ ಹಾಕಿಕೊಂಡು ಅನಿಮೆ ಹಾಡು ಕೇಳೋರು ಯಾರಾದರೂ ಸಿಕ್ಕೇ ಸಿಗ್ತಾರೆ. ಅರ್ಥ ಗೊತ್ತಿರಲ್ಲ, ಆದರೂ ಪಲ್ಲವಿ ಬಾಯಿಗೆ ಬರುತ್ತೆ. ಅದೇ ಹುಡುಗರ ಹತ್ರ ಹೋಗಿ, 'ನಮ್ಮೂರಲ್ಲಿ ಒಂದು ಕನ್ನಡ ಹಾಡಿನ ಸಂಜೆ ಮಾಡೋಣ್ವಾ?' ಅಂತ ಕೇಳಿ. 'ಯಾರು ಬರ್ತಾರಣ್ಣಾ? ಹತ್ತು ಜನ ಸೇರಿದ್ರೆ ಹೆಚ್ಚು' ಅಂತಾರೆ.

ಈ 'ಹತ್ತು ಜನ' ಅನ್ನೋ ಮಾತಿನ ಬಗ್ಗೆಯೇ ಈ ಬರಹ. ಗಡಿ ತಾಲೂಕುಗಳಲ್ಲಿ ಕನ್ನಡದ ಎಷ್ಟೋ ಕೆಲಸ ಶುರುವಾಗೋ ಮೊದಲೇ ನಿಂತುಹೋಗೋದು ಈ ಒಂದು ಲೆಕ್ಕದಿಂದ. ಸರ್ಕಾರ ಕನ್ನಡ ಶಾಲೆಯಲ್ಲಿ ತಲೆ ಎಣಿಸುತ್ತೆ ಅಂತ ನಾವು ಸಿಟ್ಟಾಗ್ತೀವಿ. ಅದಕ್ಕೂ ಮೊದಲು ನಮ್ಮ ಹುಡುಗರೇ ಎಣಿಸಿ ಮುಗಿಸಿರ್ತಾರೆ. ಈ ಲೆಕ್ಕಕ್ಕೆ ಒಳ್ಳೆ ಉತ್ತರ ಐವತ್ತು ಸಾವಿರ ಜನ ಹಿಡಿಸೋ ಒಂದು ಕ್ರೀಡಾಂಗಣದ ಕಥೆಯಲ್ಲಿದೆ. ಅದರ ಹೆಸರು ಟೋಕಿಯೊ ಡೋಮ್.

ಈ ಡೋಮ್ ಶುರುವಾದದ್ದು 1988ರ ಮಾರ್ಚ್‌ನಲ್ಲಿ. ಟೋಕಿಯೊ ನಗರದ ನಡುವೆ, ಬುಂಕ್ಯೊ ಅನ್ನೋ ವಾರ್ಡಿನಲ್ಲಿದೆ. ಮೂಲದಲ್ಲಿ ಅದು ಬೇಸ್‌ಬಾಲ್ ಮೈದಾನ, ಯೊಮಿಯುರಿ ಜೈಂಟ್ಸ್ ತಂಡದ ತವರು. ಸಂಗೀತ ಕಾರ್ಯಕ್ರಮ ಇದ್ದ ದಿನ ಆಟದ ಅಂಗಳದ ಮೇಲೂ ಕುರ್ಚಿ ಹಾಕಿದರೆ ಸುಮಾರು 55,000 ಜನ ಕೂರಬಹುದು. ಛಾವಣಿ ಕಾಂಕ್ರೀಟಿನದಲ್ಲ, ತಗಡಿನದೂ ಅಲ್ಲ. ಗಾಜಿನ ನಾರಿನಿಂದ ಮಾಡಿದ ಬಟ್ಟೆಯಂಥ ಹಾಳೆ. ಅದನ್ನು ಎತ್ತಿ ಹಿಡಿಯೋಕೆ ಒಳಗೆ ಒಂದೇ ಒಂದು ಕಂಬ ಇಲ್ಲ. ದೊಡ್ಡ ಫ್ಯಾನುಗಳು ಒಳಗೆ ಗಾಳಿ ಊದ್ತಾನೇ ಇರ್ತವೆ. ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಶೇಕಡ 0.3ರಷ್ಟು ಮಾತ್ರ ಹೆಚ್ಚು. ಅಷ್ಟರಿಂದಲೇ ಅಷ್ಟು ದೊಡ್ಡ ಛಾವಣಿ ಮೇಲೆ ನಿಲ್ಲುತ್ತೆ. ಗಾಳಿ ಸೋರಬಾರದು ಅಂತ ಜನ ಓಡಾಡೋಕೆ ಸುತ್ತ ತಿರುಗೋ ಬಾಗಿಲು ಇಟ್ಟಿದ್ದಾರೆ. ಹೊರಗೆ ಬರುವಾಗ ಯಾರೋ ಬೆನ್ನಿಗೆ ಕೈ ಇಟ್ಟು ತಳ್ಳಿದ ಹಾಗೆ ಗಾಳಿ ನೂಕುತ್ತೆ.

ಇಂಥ ದೊಡ್ಡ ಡೋಮುಗಳು ಸಪ್ಪೊರೊ, ನಗೋಯಾ, ಒಸಾಕಾ, ಫುಕುಒಕಾ ಊರುಗಳಲ್ಲೂ ಇವೆ. ಟೋಕಿಯೊದ್ದೂ ಸೇರಿ ಐದು. ಈ ಐದರಲ್ಲೂ ಹಾಡಿ ಬಂದರೆ ಜಪಾನಿನ ಗಾಯಕರಿಗೆ ಅದೇ ದೊಡ್ಡ ಪದವಿ.

ಅಂಥ ಕಡೆ ಒಂದು ಕಾರ್ಯಕ್ರಮ ನೋಡೋಕೆ ಹೋಗೋದು ಅಂದರೆ ಏನು? ಮೊದಲನೆಯದು ಟಿಕೆಟ್. ದುಡ್ಡು ಇದ್ದರೆ ಸಿಗುತ್ತೆ ಅನ್ನೋ ಹಾಗಿಲ್ಲ. ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಬೇಕು, ಆಮೇಲೆ ಲಾಟರಿ ಎತ್ತುತ್ತಾರೆ. ಅಭಿಮಾನಿ ಸಂಘದ ಸದಸ್ಯರಿಗೆ ಮೊದಲ ಅವಕಾಶ. ಬೆಲೆ ಸಾಮಾನ್ಯವಾಗಿ 10,000 ಯೆನ್ ಆಸುಪಾಸು, ನಮ್ಮ ದುಡ್ಡಲ್ಲಿ ಐದಾರು ಸಾವಿರ. ಬ್ಲ್ಯಾಕಿನಲ್ಲಿ ಮಾರೋದನ್ನು ತಡೆಯೋಕೆ ಒಂದು ಕಾನೂನೇ ಇದೆ. 2019ರ ಜೂನ್‌ನಿಂದ ಜಾರಿಯಲ್ಲಿದೆ. ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಹತ್ತು ಲಕ್ಷ ಯೆನ್‌ವರೆಗೆ ದಂಡ. ಬಾಗಿಲಲ್ಲಿ ಎಷ್ಟೋ ಸಲ ಗುರುತಿನ ಚೀಟಿ ಕೇಳ್ತಾರೆ. ಸೀಟು ಎಲ್ಲಿ ಅನ್ನೋದು ಒಮ್ಮೊಮ್ಮೆ ಬಾಗಿಲ ಹತ್ತಿರ ಹೋದ ಮೇಲೇ ಗೊತ್ತಾಗೋದು.

ಕಾರ್ಯಕ್ರಮ ಸಂಜೆ ಇದ್ದರೂ ಜನ ಬೆಳಗ್ಗೆಯಿಂದಲೇ ಸೇರ್ತಾರೆ. ಟವೆಲ್, ಟೀ ಶರ್ಟ್, ಹೆಸರು ಬರೆದ ಬೀಸಣಿಗೆ, ಕೈಯಲ್ಲಿ ಹಿಡಿಯೋ ಪೆನ್‌ಲೈಟ್, ಇವನ್ನೆಲ್ಲ ಕೊಳ್ಳೋಕೆ ಉದ್ದ ಸಾಲು. ಒಳಗೆ ಹೋದರೆ, ಮೇಲಿನ ಗ್ಯಾಲರಿಯಲ್ಲಿ ಕೂತವರಿಗೆ ಹಾಡೋರು ಹೆಬ್ಬೆರಳಷ್ಟು ಕಾಣ್ತಾರೆ. ಮುಖ ನೋಡಬೇಕಾದರೆ ದೊಡ್ಡ ಪರದೆಯೇ ಗತಿ. ಅದಕ್ಕೇ ಕೆಲವು ಗುಂಪುಗಳು ಟ್ರಾಲಿ ಏರಿ ಮೈದಾನದ ಸುತ್ತ ಬರ್ತವೆ, ದೂರದ ಸೀಟಿನವರಿಗೂ ಒಂದು ಸಲ ಕೈ ಬೀಸಲಿ ಅಂತ. ನಮ್ಮ ಜಾತ್ರೆಯ ತೇರು ಬೀದಿ ಬೀದಿಗೆ ಬಂದ ಹಾಗೆ ಅಂತಿಟ್ಟುಕೊಳ್ಳಿ.

ನಾವು ಗಮನಿಸಬೇಕಾದ್ದು ವೇದಿಕೆಯನ್ನಲ್ಲ, ಗ್ಯಾಲರಿಯನ್ನ. ಬಹುತೇಕ ಕಾರ್ಯಕ್ರಮಗಳಲ್ಲಿ ಫೋಟೊ, ವಿಡಿಯೊ ತೆಗೆಯೋ ಹಾಗಿಲ್ಲ. ಹಾಗಾಗಿ ಕೈಯಲ್ಲಿ ಫೋನ್ ಇರಲ್ಲ, ಪೆನ್‌ಲೈಟ್ ಇರುತ್ತೆ. ಐಡಲ್ ಗುಂಪುಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಗೊತ್ತು ಮಾಡಿರ್ತಾರೆ. ಯಾರ ಸರದಿಯೋ ಅವರ ಬಣ್ಣಕ್ಕೆ ಗ್ಯಾಲರಿ ತಿರುಗುತ್ತೆ. ಕೆಲವು ಕಡೆ ಈಗ ರೇಡಿಯೊ ಸಂಕೇತದಿಂದ ಬಣ್ಣ ತಾನಾಗೇ ಬದಲಾಗುತ್ತೆ, ಆದರೆ ಎಷ್ಟೋ ಕಡೆ ಜನ ತಾವೇ ಗುಂಡಿ ಒತ್ತಿ ಬದಲಿಸ್ತಾರೆ. ಹಾಡಿನ ಮಧ್ಯೆ ಎಲ್ಲಿ ಕೂಗಬೇಕು, ಏನಂತ ಕೂಗಬೇಕು, ಎಲ್ಲಿ ಚಪ್ಪಾಳೆ, ಎಲ್ಲಿ ಸುಮ್ಮನಿರಬೇಕು ಅನ್ನೋದು ಎಲ್ಲರಿಗೂ ಗೊತ್ತು. ಅದಕ್ಕೆ ಅಲ್ಲಿ 'ಕಾಲ್' ಅಂತಾರೆ. ನಿಧಾನದ ಹಾಡು ಬಂದರೆ ಐವತ್ತು ಸಾವಿರ ಜನ ಉಸಿರು ಬಿಗಿ ಹಿಡಿದು ಕೂತಿರ್ತಾರೆ. ಬೀಸಣಿಗೆಯನ್ನು ಎದೆಗಿಂತ ಮೇಲೆ ಎತ್ತಬಾರದು, ಹಿಂದಿನವರಿಗೆ ಅಡ್ಡ ಆಗುತ್ತೆ. ಮುಗಿದ ಮೇಲೂ ಎದ್ದು ಓಡೋ ಹಾಗಿಲ್ಲ. ಯಾವ ಬ್ಲಾಕಿನವರು ಹೊರಡಬೇಕು ಅಂತ ಮೈಕಿನಲ್ಲಿ ಕೂಗ್ತಾರೆ, ಅವರೇ ಹೊರಡಬೇಕು. ಅರ್ಧ ಗಂಟೆ ಕಾಯಬೇಕಾದರೂ ಜನ ಕಾಯ್ತಾರೆ. ಆಮೇಲೆ ಸುಯಿದೊಬಾಶಿ ಸ್ಟೇಷನ್ನಿನ ಕಡೆ ಆ ಜನಸಾಗರ ನಿಧಾನಕ್ಕೆ ಕರಗುತ್ತೆ.

'ಜಪಾನಿಗರ ಶಿಸ್ತು ನೋಡಿ ಕಲೀರಿ' ಅಂತ ವಾಟ್ಸಾಪ್‌ನಲ್ಲಿ ಓಡಾಡೋ ಉಪದೇಶ ಕೊಡೋಕೆ ಇದನ್ನೆಲ್ಲ ಹೇಳ್ತಿಲ್ಲ. ನಾವು ಹೇಳ್ತಿರೋದು ಬೇರೆ. ಅಲ್ಲಿ ಪ್ರೇಕ್ಷಕರಿಗೂ ಒಂದು ಪಾತ್ರ ಇದೆ, ಆ ಪಾತ್ರವನ್ನು ಅವರು ಮನೆಯಲ್ಲಿ ಕಲಿತು ಬಂದಿರ್ತಾರೆ. ಟಿಕೆಟ್ ತಗೊಂಡವರು ಬರೀ ನೋಡೋಕೆ ಬಂದವರಲ್ಲ. ಹಾಡಿನ ಸಾಲು ಗೊತ್ತು, ಸಾಲಿನ ಮಧ್ಯದ ಖಾಲಿ ಜಾಗ ಗೊತ್ತು, ಆ ಜಾಗ ತುಂಬೋ ಮಾತು ಗೊತ್ತು.

ಇದು ಎಷ್ಟು ಮುಖ್ಯ ಅನ್ನೋದು ಕೋವಿಡ್ ಕಾಲದಲ್ಲಿ ಗೊತ್ತಾಯ್ತು. 2020ರಲ್ಲಿ ನಿಂತ ಕಾರ್ಯಕ್ರಮಗಳು ಮತ್ತೆ ಶುರುವಾದಾಗ ಜಪಾನಿನಲ್ಲಿ ಪ್ರೇಕ್ಷಕರು ಬಾಯಿಬಿಟ್ಟು ಕೂಗೋ ಹಾಗಿರಲಿಲ್ಲ. ಮಾಸ್ಕ್ ಹಾಕಿಕೊಂಡು ಚಪ್ಪಾಳೆ ಹೊಡೀಬಹುದು, ಪೆನ್‌ಲೈಟ್ ಬೀಸಬಹುದು, ಅಷ್ಟೇ. ಗ್ಯಾಲರಿ ತುಂಬ ಕೂಗೋಕೆ ಪೂರ್ತಿ ಅನುಮತಿ ಸಿಕ್ಕಿದ್ದು 2023ರ ಜನವರಿ ಕೊನೆಯಲ್ಲಿ. ಸುಮಾರು ಮೂರು ವರ್ಷ ಹಾಡೋರು ಹಾಡಿದರು, ಉತ್ತರ ಕೊಡೋ ದನಿ ಇರಲಿಲ್ಲ. ಆಮೇಲೆ 'ಈ ಸಲ ಕೂಗಬಹುದು' ಅನ್ನೋದೇ ಕಾರ್ಯಕ್ರಮದ ಜಾಹೀರಾತಾಯ್ತು. ಅಂದರೆ ಜನರ ದನಿ ಇಲ್ಲದ ಹಾಡು ಅರ್ಧ ಹಾಡು ಅಂತ ಅಲ್ಲಿ ಎಲ್ಲರೂ ಒಪ್ಪಿದ್ದರು.

ಇನ್ನು ಭಾಷೆಯ ಮಾತು. ಜಪಾನಿನ ಪಾಪ್ ಹಾಡಿನಲ್ಲಿ ಇಂಗ್ಲಿಷ್ ಪದಗಳು ಬೇಕಾದಷ್ಟು ಇರ್ತವೆ, ನಮ್ಮ ಸಿನಿಮಾ ಹಾಡಿನ ಹಾಗೆಯೇ. ಆದರೆ ಹಾಡಿನ ಎಲುಬು ಜಪಾನಿ. ಮಧ್ಯೆ ಮಧ್ಯೆ ಹಾಡೋರು ಜನರ ಜೊತೆ ಹರಟೋದು, ಅಳೋದು, ತಮಾಷೆ ಮಾಡೋದು ಎಲ್ಲ ಜಪಾನಿಯಲ್ಲೇ. ಹೊರದೇಶದವರು ಬಂದು ಕೂತಿದ್ದಾರೆ ಅಂತ ಯಾರೂ ಭಾಷೆ ಬದಲಿಸಲ್ಲ. 1963ರಲ್ಲಿ ಕ್ಯೂ ಸಕಾಮೊತೊ ಅವರ ಜಪಾನಿ ಹಾಡೊಂದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು. ಹಾಡಿನ ಹೆಸರು ಅಲ್ಲಿನವರ ನಾಲಿಗೆಗೆ ಹೊರಳಲ್ಲ ಅಂತ ಮಾರೋರು ಅದಕ್ಕೆ 'ಸುಕಿಯಾಕಿ' ಅಂತ ಒಂದು ಮಾಂಸದ ಅಡುಗೆಯ ಹೆಸರು ಇಟ್ಟರು. ಹಾಡಿಗೂ ಆ ಅಡುಗೆಗೂ ಯಾವ ಸಂಬಂಧವೂ ಇಲ್ಲ! ಹೆಸರು ಬದಲಾಯ್ತು, ಹಾಡಿನ ಭಾಷೆ ಬದಲಾಗಲಿಲ್ಲ. ಅರವತ್ತು ವರ್ಷದ ಮೇಲೆ, 2023ರಲ್ಲಿ, ಯೊಆಸೊಬಿ ಜೋಡಿಯ 'ಐಡಲ್' ಹಾಡು ಅಮೆರಿಕ ಬಿಟ್ಟು ಉಳಿದ ಜಗತ್ತಿನ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೇಲೇರಿ ಕೂತಿತು. ಅಲ್ಲಿ ಮೊದಲ ಸ್ಥಾನಕ್ಕೆ ಬಂದ ಮೊದಲ ಜಪಾನಿ ಹಾಡು ಅದು. ಮರುವರ್ಷ ಆ ಜೋಡಿ ಟೋಕಿಯೊ ಡೋಮಿನಲ್ಲೂ ಹಾಡಿತು.

ಇದಕ್ಕಿಂತ ನಮಗೆ ಹೆಚ್ಚು ಪಾಠ ಆಗೋದು ಕೊರಿಯಾದವರ ಕಥೆ. ಕೆ-ಪಾಪ್ ಗುಂಪುಗಳು ಟೋಕಿಯೊ ಡೋಮಿಗೆ ಬರ್ತವೆ. ಕಾರಾ ಅನ್ನೋ ಹುಡುಗಿಯರ ಗುಂಪು 2013ರಲ್ಲಿ, ಟ್ವೈಸ್ 2019ರಲ್ಲಿ ಅಲ್ಲಿ ಹಾಡಿದವು. ಬರೋ ಮೊದಲು ಅವರು ಮಾಡೋ ಕೆಲಸ ಏನು ಗೊತ್ತಾ? ತಮ್ಮ ಹಾಡುಗಳಿಗೆ ಜಪಾನಿ ಸಾಹಿತ್ಯ ಬರೆಸ್ತಾರೆ, ಜಪಾನಿಯಲ್ಲೇ ಹೊಸ ಹಾಡು ಬಿಡ್ತಾರೆ, ವೇದಿಕೆಯಲ್ಲಿ ಜಪಾನಿ ಮಾತಾಡೋಕೆ ಕಲೀತಾರೆ. ಯಾವ ಸರ್ಕಾರವೂ ಆದೇಶ ಹೊರಡಿಸಿಲ್ಲ. ಜಪಾನ್ ಜಗತ್ತಿನ ಎರಡನೇ ದೊಡ್ಡ ಸಂಗೀತ ಮಾರುಕಟ್ಟೆ, ಅಲ್ಲಿನ ಗಿರಾಕಿ ತನ್ನ ಭಾಷೆಯಲ್ಲಿ ಕೇಳೋಕೆ ಇಷ್ಟಪಡ್ತಾನೆ, ಅದಕ್ಕೆ ದುಡ್ಡು ಕೊಡ್ತಾನೆ. ಅಷ್ಟೇ.

ನಮ್ಮ ಕಡೆ ಇದು ಉಲ್ಟಾ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂತ ಬರೆಸಿದವರು 4.37 ಕೋಟಿ. ಆದರೂ ಎಟಿಎಂನಲ್ಲಿ ಕನ್ನಡದ ಆಯ್ಕೆ ಇದ್ದಾಗಲೂ ಎಷ್ಟು ಬೆರಳು ಅದನ್ನು ಒತ್ತುತ್ತವೆ? ಗಡಿ ಊರಿನ ಥಿಯೇಟರಿಗೆ ಅಪರೂಪಕ್ಕೆ ಕನ್ನಡ ಸಿನಿಮಾ ಬಂದ ವಾರ ಎಷ್ಟು ಸೀಟು ತುಂಬುತ್ತೆ? ಅಂಗಡಿಯವನು ಕನ್ನಡ ಮಾತಾಡಲ್ಲ ಅಂತ ದೂರೋ ಮೊದಲು, ಗಿರಾಕಿ ಯಾವ ಭಾಷೆಯಲ್ಲಿ ಬಾಯಿ ತೆರೆದ ಅನ್ನೋದೂ ಕೇಳಬೇಕಾದ ಪ್ರಶ್ನೆ.

'ಸರಿ, ಅವರು ಹನ್ನೆರಡು ಕೋಟಿ ಜನ, ಅವರದೇ ದೇಶ. ನಾವು ಇನ್ನೊಂದು ರಾಜ್ಯದೊಳಗಿನ ಹತ್ತು ಮನೆ' ಅಂತ ನೀವು ಹೇಳ್ತೀರಿ. ಅದಕ್ಕೇ ಈಗ ಆ ಏಳು ಟಿಕೆಟಿನ ಕಥೆ.

2005ರ ಡಿಸೆಂಬರ್ 8. ಟೋಕಿಯೊದ ಅಕಿಹಬರಾ ಬಜಾರಿನಲ್ಲಿ ಒಂದು ಅಂಗಡಿ ಕಟ್ಟಡದ ಎಂಟನೇ ಮಹಡಿ. 250 ಜನ ಹಿಡಿಸೋ ಚಿಕ್ಕ ಥಿಯೇಟರು. ಎಕೆಬಿ48 ಅನ್ನೋ ಹೊಸ ಹುಡುಗಿಯರ ಗುಂಪಿನ ಮೊದಲ ಪ್ರದರ್ಶನ. ಕರೆದು ಕೂರಿಸಿದವರನ್ನು ಬಿಟ್ಟರೆ, ದುಡ್ಡು ಕೊಟ್ಟು ಟಿಕೆಟ್ ತಗೊಂಡು ಬಂದವರು ಏಳೇ ಜನ. ಮರುದಿನವೂ ಆಟ ಆಯ್ತು. ಅದರ ಮರುದಿನವೂ ಆಯ್ತು. 'ಬೇಕಾದಾಗ ಹೋಗಿ ನೋಡಬಹುದಾದ ತಾರೆಯರು' ಅನ್ನೋದೇ ಅವರ ಘೋಷಣೆ. ಟಿವಿಯಲ್ಲಿ ಬರೋವರೆಗೆ ಕಾಯಬೇಕಿಲ್ಲ, ಸಂಜೆ ಮೆಟ್ಟಿಲು ಹತ್ತಿದರೆ ಸಾಕು.

ಆ ಥಿಯೇಟರಿನಿಂದ ಟೋಕಿಯೊ ಡೋಮಿಗೆ ಇರೋ ದೂರ 1830 ಮೀಟರ್. ನಮ್ಮ ಊರುಗಳಲ್ಲಿ ಬಸ್ ಸ್ಟ್ಯಾಂಡಿನಿಂದ ಶಾಲೆಗೆ ನಡೆಯೋ ದೂರ. ಆ ಗುಂಪು ಡೋಮಿನ ವೇದಿಕೆ ಹತ್ತಿದ್ದು 2012ರ ಆಗಸ್ಟ್ 24ಕ್ಕೆ. ಮೂರು ದಿನ ಹಾಡಿದರು. ಆ ಕಾರ್ಯಕ್ರಮಕ್ಕೆ '1830 ಮೀಟರಿನ ಕನಸು' ಅಂತಲೇ ಹೆಸರಿಟ್ಟಿದ್ದರು. ಎರಡು ಕಿಲೋಮೀಟರೂ ಇಲ್ಲದ ದಾರಿ ನಡೆಯೋಕೆ ಸುಮಾರು ಏಳು ವರ್ಷ ಬೇಕಾಯ್ತು.

ಇದನ್ನು ಹೇಳುವಾಗ ಒಂದು ಮಾತು ಬಿಡೋ ಹಾಗಿಲ್ಲ. ಆ ಗುಂಪಿನ ವ್ಯಾಪಾರದ ರೀತಿ ಎಲ್ಲ ಮೆಚ್ಚೋ ಥರದ್ದಲ್ಲ. ನೆಚ್ಚಿನ ಹುಡುಗಿಗೆ ಮತ ಹಾಕೋ ಚೀಟಿಯನ್ನು ಸಿಡಿ ಜೊತೆ ಕೊಟ್ಟು, ಅಭಿಮಾನಿಗಳು ಒಂದೇ ಸಿಡಿಯನ್ನು ಹತ್ತಾರು ಕೊಳ್ಳೋ ಹಾಗೆ ಮಾಡಿದ್ದರು. ಅದರ ಬಗ್ಗೆ ಜಪಾನಿನಲ್ಲೇ ಸಾಕಷ್ಟು ಟೀಕೆ ಇದೆ. ನಾವು ಕಲಿಯಬೇಕಾದ್ದು ಅದನ್ನಲ್ಲ. ಏಳು ಜನ ಬಂದ ರಾತ್ರಿ ಅವರು 'ಯಾರೂ ಬರಲಿಲ್ಲ' ಅಂತ ಬಾಗಿಲು ಹಾಕಲಿಲ್ಲ ಅನ್ನೋದನ್ನ.

ಡೋಮ್ ಶುರುವಾದ ಮರುತಿಂಗಳು, 1988ರ ಏಪ್ರಿಲ್ 11ಕ್ಕೆ, ಕಾಯಿಲೆಯಿಂದ ಎದ್ದು ಬಂದು ಅಲ್ಲಿ ಹಾಡಿದ ಹಿರಿಯ ಗಾಯಕಿ ಮಿಸೊರಾ ಹಿಬರಿ. ಯೊಕೊಹಾಮಾದ ಮೀನಂಗಡಿಯವರ ಮಗಳು. ಯುದ್ಧ ಮುಗಿದು ಊರೆಲ್ಲ ಬೂದಿಯಾಗಿದ್ದ ಹೊತ್ತಿನಲ್ಲಿ, ಚಿಕ್ಕ ಹುಡುಗಿಯಾಗಿ, ಊರಿನ ಪುಟ್ಟ ಥಿಯೇಟರುಗಳಲ್ಲಿ ಹಾಡ್ತಾ ಬೆಳೆದವರು. ಡೋಮಿಗೆ ಬರೋ ದಾರಿ ಸಣ್ಣ ವೇದಿಕೆಯ ಮೇಲೆಯೇ ಹಾದು ಬರುತ್ತೆ.

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ಹುರಿದುಂಬಿಸೋ ಭಾಷಣ ಆಗುತ್ತೆ. ಡೋಮಿಗೆ ಇನ್ನೊಂದು ಮಗ್ಗುಲಿದೆ, ಅದು ನಮ್ಮಂಥ ಭಾಷಾ ಅಲ್ಪಸಂಖ್ಯಾತರಿಗೆ ಹೆಚ್ಚು ಹತ್ತಿರದ್ದು.

ಜಪಾನಿನ ದಕ್ಷಿಣ ತುದಿಯಲ್ಲಿ ಒಕಿನಾವಾ ದ್ವೀಪಗಳಿವೆ. ಒಂದು ಕಾಲಕ್ಕೆ ಅದು ರ್‍ಯುಕ್ಯು ಅನ್ನೋ ಬೇರೆಯೇ ರಾಜ್ಯ. 1879ರಲ್ಲಿ ಜಪಾನ್ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಅಲ್ಲಿನ ನುಡಿಗಳು ಜಪಾನಿಯ ಬಳಗದವೇ, ಆದರೆ ಟೋಕಿಯೊದವರಿಗೆ ಅರ್ಥವಾಗೋ ಹಾಗಿಲ್ಲ. ಅದನ್ನು ಭಾಷೆ ಅಂತ ಒಪ್ಪದೆ, ಉಪಭಾಷೆ ಅಂತ ಕರೆದು, ಶಾಲೆಯಿಂದ ಹೊರಗೆ ಹಾಕಿದರು. ಶಾಲೆಯಲ್ಲಿ ಮಗು ಮನೆಮಾತು ಆಡಿದರೆ ಕೊರಳಿಗೆ ಒಂದು ಮರದ ಪಟ್ಟಿ ನೇತು ಹಾಕ್ತಿದ್ದರು. 'ಹೊಗೆನ್ ಫುದಾ' ಅಂತ ಅದರ ಹೆಸರು. ಆ ಪಟ್ಟಿ ಕೊರಳಿಂದ ಇಳಿಯಬೇಕಾದರೆ ಆ ಮಗು ಮನೆಮಾತು ಆಡಿದ ಇನ್ನೊಂದು ಮಗುವನ್ನು ಹಿಡಿದುಕೊಡಬೇಕು. ಮಕ್ಕಳೇ ಮಕ್ಕಳ ನಾಲಿಗೆಗೆ ಕಾವಲು. ಇದು ಇಪ್ಪತ್ತನೇ ಶತಮಾನದಲ್ಲಿ, ಯುದ್ಧ ಮುಗಿದ ಮೇಲೂ ಕೆಲವು ಕಡೆ ನಡೆದದ್ದು. 2009ರಲ್ಲಿ ಯುನೆಸ್ಕೊ ಜಪಾನಿನ ಎಂಟು ಭಾಷೆಗಳು ಅಳಿವಿನ ಅಂಚಿನಲ್ಲಿವೆ ಅಂತ ಪಟ್ಟಿ ಮಾಡಿತು. ಅದರಲ್ಲಿ ಆರು ಈ ದಕ್ಷಿಣ ದ್ವೀಪಗಳ ನುಡಿಗಳು.

ಈಗ ನಮಿಯೆ ಅಮುರೊ ಅವರನ್ನು ನೋಡಿ. 1977ರಲ್ಲಿ ಒಕಿನಾವಾದ ನಹಾ ಊರಿನಲ್ಲಿ ಹುಟ್ಟಿದವರು. ಅಲ್ಲಿಯದೇ ಒಂದು ತರಬೇತಿ ಶಾಲೆಯಲ್ಲಿ ಕಲಿತು, 1990ರ ದಶಕದಲ್ಲಿ ಇಡೀ ಜಪಾನಿನ ಹುಡುಗಿಯರು ಅವರ ಹಾಗೆಯೇ ಬಟ್ಟೆ ತೊಟ್ಟು ಓಡಾಡೋ ಮಟ್ಟಕ್ಕೆ ಬೆಳೆದರು. 2000ದಲ್ಲಿ ಒಕಿನಾವಾದಲ್ಲಿ ದೊಡ್ಡ ದೇಶಗಳ ನಾಯಕರ ಶೃಂಗಸಭೆ ನಡೆದಾಗ ಅವರ ಮುಂದೆ ಹಾಡಿದವರು ಅವರೇ. 2018ರ ಜೂನ್ 3ಕ್ಕೆ ಅವರ ಕೊನೆಯ ಡೋಮ್ ಪ್ರವಾಸ ಮುಗಿದದ್ದು ಟೋಕಿಯೊ ಡೋಮಿನಲ್ಲಿ. ಸೆಪ್ಟೆಂಬರಿನಲ್ಲಿ, ನಿವೃತ್ತಿಯ ಹಿಂದಿನ ದಿನ, ಕೊನೆಯ ಸಲ ಹಾಡೋಕೆ ಅವರು ಒಕಿನಾವಾಕ್ಕೇ ವಾಪಸ್ ಬಂದರು. ಊರು ಮರೆಯಲಿಲ್ಲ. ಆದರೆ ಅವರನ್ನು ಡೋಮಿಗೆ ಏರಿಸಿದ ಹಾಡುಗಳು ಟೋಕಿಯೊದ ಜಪಾನಿಯಲ್ಲಿ, ಇಂಗ್ಲಿಷಿನಲ್ಲಿ ಇದ್ದವು. ಅಜ್ಜಿಯರ ನುಡಿಯಲ್ಲಲ್ಲ.

ಇದು ಆ ಗಾಯಕಿಯ ತಪ್ಪು ಅಂತ ಯಾರೂ ಹೇಳೋ ಹಾಗಿಲ್ಲ. ಡೋಮಿಗೆ ಹೋಗೋರು ಡೋಮಿನ ಭಾಷೆಯಲ್ಲೇ ಹಾಡಬೇಕು, ಅದು ಅಲ್ಲಿನ ಲೆಕ್ಕ. ದೊಡ್ಡ ವೇದಿಕೆ ನಮ್ಮ ಊರಿನವರನ್ನು ಒಳಗೆ ಬಿಟ್ಟುಕೊಳ್ಳುತ್ತೆ, ನಮ್ಮ ಭಾಷೆಯನ್ನು ಬಾಗಿಲಲ್ಲೇ ಬಿಟ್ಟು ಬಾ ಅನ್ನುತ್ತೆ. ಗಡಿ ತಾಲೂಕಿನ ಎಷ್ಟು ಪ್ರತಿಭೆಗಳಿಗೆ ಈ ಬಾಗಿಲು ಗೊತ್ತಿಲ್ಲ?

ಹಾಗಾದರೆ ಒಕಿನಾವಾದ ನುಡಿ ಎಲ್ಲಿ ಉಸಿರಾಡ್ತಾ ಇದೆ? ಓಣಿಯಲ್ಲಿ. ಬೇಸಿಗೆಯಲ್ಲಿ ಪಿತೃಗಳನ್ನು ನೆನೆಯೋ ಓಬೊನ್ ಹಬ್ಬ ಬರುತ್ತೆ. ಆಗ ಪ್ರತಿ ಊರಿನ ಯುವಕ ಸಂಘ ಡೋಲು ಕಟ್ಟಿಕೊಂಡು, ಮೂರು ತಂತಿಯ ಸಂಶಿನ್ ನುಡಿಸ್ತಾ, ಊರ ಬೀದಿಗಳಲ್ಲಿ ಕುಣೀತಾ ಹೋಗುತ್ತೆ. ಅದಕ್ಕೆ ಎಯಿಸಾ ಅಂತ ಹೆಸರು. ಹಾಡು ಹಳೆಯ ನುಡಿಯಲ್ಲೇ. ಮನೆಯಲ್ಲಿ ಆ ನುಡಿ ಮಾತಾಡಲು ಬಾರದ ಹುಡುಗ ಹುಡುಗಿಯರೂ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಆ ಹಾಡಿಗೆ ದನಿ ಕೊಡ್ತಾರೆ. 1956ರಿಂದ ಊರೂರಿನ ತಂಡಗಳು ಸೇರೋ ದೊಡ್ಡ ಎಯಿಸಾ ಹಬ್ಬವೂ ನಡೀತಾ ಬಂದಿದೆ. 2006ರಲ್ಲಿ ಅಲ್ಲಿನ ಪ್ರಾಂತ ಸರ್ಕಾರ ಸೆಪ್ಟೆಂಬರ್ 18ನ್ನು 'ಶಿಮಾಕುತುಬಾ ದಿನ' ಅಂತ ಘೋಷಿಸಿತು, ಅಂದರೆ ದ್ವೀಪದ ಮಾತಿನ ದಿನ. ಆ ತಾರೀಕೇ ಯಾಕೆ? ಕು ಅಂದರೆ 9, ತು ಅಂದರೆ 10, ಬಾ ಅಂದರೆ 8. ಒಂಬತ್ತನೇ ತಿಂಗಳ ಹದಿನೆಂಟು. ಭಾಷೆಯ ಹೆಸರಿನಲ್ಲೇ ಅದರ ಹಬ್ಬದ ತಾರೀಕು!

ಆದರೂ ಓಣಿಯ ಡೋಲೊಂದೇ ಸಾಕು ಅಂತ ಒಕಿನಾವಾ ಹೇಳ್ತಿಲ್ಲ. ಶಾಲೆಯಿಂದ ಒಂದು ಸಲ ಹೊರಗೆ ಬಿದ್ದ ಭಾಷೆಯನ್ನು ಹಬ್ಬ ಕೆಂಡದ ಹಾಗೆ ಕಾಪಾಡಬಹುದು, ಅದೊಂದರಿಂದಲೇ ಮತ್ತೆ ಒಲೆ ಉರಿಸೋಕೆ ಆಗಲ್ಲ. ನಮಗಿನ್ನೂ ಶಾಲೆ ಇದೆ. ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸೋ ಸೌಲಭ್ಯ ಒದಗಿಸಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತೆ. ಕನ್ನಡ ಬಾರದ ಮೇಷ್ಟ್ರನ್ನು ಕನ್ನಡ ಶಾಲೆಗೆ ಕಳಿಸಿದಾಗ ಎದ್ದು ನಿಂತು ಕೇಳೋ ಹಕ್ಕು ನಮಗಿದೆ. ಆ ಹೋರಾಟ ಬಿಡೋ ಮಾತೇ ಇಲ್ಲ. ಆದರೆ ಶಾಲೆ ಉಳಿಸಿ ಅಂತ ಮನವಿ ಕೊಡೋಕೆ ಹೋದವರ ಹಿಂದೆ, ಪ್ರತಿ ತಿಂಗಳು ಕನ್ನಡದಲ್ಲಿ ಸೇರೋ ಒಂದು ಊರು ಇದ್ದರೆ ಆ ಮನವಿಯ ತೂಕವೇ ಬೇರೆ.

ಸಣ್ಣ ವೇದಿಕೆ ನಮಗೆ ಹೊಸದೇನಲ್ಲ. ಕಾಸರಗೋಡಿನ ಮನೆ ಚಾವಡಿಯಲ್ಲಿ ತಾಳಮದ್ದಳೆಗೆ ಐವತ್ತು ಜನ ಕೂತರೆ ಅದೇ ತುಂಬಿದ ಸಭೆ. ಸೊಲ್ಲಾಪುರದ ಸಿದ್ಧರಾಮೇಶ್ವರರು ವಚನ ಬರೆದದ್ದು ಕನ್ನಡದಲ್ಲಿ. ತಾಳವಾಡಿಯ ಹತ್ತಿರದ ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿದ ಹುಡುಗನೊಬ್ಬ ತಂದೆಯ ಹಿಂದೆ ನಾಟಕ ಕಂಪನಿ ಸೇರಿ, ಪೆಟ್ರೋಮ್ಯಾಕ್ಸ್ ಬೆಳಕಿನ ರಂಗದ ಮೇಲೆ ಮಾತು ಕಲಿತು, 1954ರ 'ಬೇಡರ ಕಣ್ಣಪ್ಪ'ದಿಂದ ಡಾ. ರಾಜ್‌ಕುಮಾರ್ ಆದದ್ದು ನಿಮಗೆಲ್ಲ ಗೊತ್ತೇ ಇದೆ. ಆ ಊರು ಇವತ್ತು ತಮಿಳುನಾಡಿನಲ್ಲಿದೆ. ಅವರು ಮಾತ್ರ ತಮ್ಮ ಭಾಷೆಯನ್ನು ಬಾಗಿಲಲ್ಲಿ ಬಿಟ್ಟು ದೊಡ್ಡವರಾಗಲಿಲ್ಲ, ಆ ಭಾಷೆಯಲ್ಲೇ ದೊಡ್ಡವರಾದರು. ಆ ಭಾಷೆಗೆ ಟಿಕೆಟ್ ಕೊಂಡು ಬರೋ ಜನ ಇದ್ದರು ಅನ್ನೋದು ಅಷ್ಟೇ ಮುಖ್ಯ.

ಹಾಗಾಗಿ ನಾವು ಹೇಳೋದು ಇಷ್ಟೇ. ಬೆಂಗಳೂರಿನಿಂದ ಯಾರೋ ದೊಡ್ಡ ತಾರೆ ಬಂದು, ಯಾವುದೋ ಇಲಾಖೆ ದುಡ್ಡು ಕೊಟ್ಟು, ಗಡಿ ಉತ್ಸವ ಆಗಲಿ ಅಂತ ಕಾಯೋದು ಬೇಡ. ಆಗೋದಾದರೆ ಆಗಲಿ, ಹೋಗಿ ಕುಣಿಯೋಣ. ಆದರೆ ಅದು ವರ್ಷಕ್ಕೊಂದು ರಾತ್ರ. ಉಳಿದ ರಾತ್ರಿಗಳಿಗೆ ನಮ್ಮದೊಂದು ಎಂಟನೇ ಮಹಡಿ ಬೇಕು.

ತಿಂಗಳಿಗೊಂದು ಸಂಜೆ ಗೊತ್ತು ಮಾಡಿ. ದಿನ ಬದಲಾಗಬಾರದು, ಜಾಗ ಬದಲಾಗಬಾರದು. ಎರಡನೇ ಶನಿವಾರ ಅಂದರೆ ಎರಡನೇ ಶನಿವಾರ. ಶಾಲೆಯ ಕೋಣೆ, ಗುಡಿಯ ಕಟ್ಟೆ, ಯಾರದೋ ಮನೆಯ ತಾರಸಿ, ಎಲ್ಲಾದರೂ ಸರಿ. ಹತ್ತು ರೂಪಾಯಿ ಟಿಕೆಟ್ ಇಡಿ. ಪುಕ್ಕಟೆ ಬಂದವರು ಅತಿಥಿಗಳು, ಹತ್ತು ರೂಪಾಯಿ ಕೊಟ್ಟವರು ಪಾಲುದಾರರು.

ಬಂದವರಿಗೆ ಪಾತ್ರ ಕೊಡಿ. ಐದು ಹಾಡು ಆರಿಸಿ: ಒಂದು ಸಿನಿಮಾದ್ದು, ಒಂದು ವಚನ, ಒಂದು ತತ್ವಪದ, ಒಂದು ಊರಿನ ಹಾಡು, ಒಂದು ಈಗಿನ ರ‍್ಯಾಪು. ಎಲ್ಲರೂ ಕಲಿತು ಬರಬೇಕು. ಹಾಡೋರು ಒಂದು ಸಾಲು ಬಿಟ್ಟರೆ ಕೂತವರು ಆ ಸಾಲು ತುಂಬಬೇಕು. ಊರಿನ ಹಾಡು ಗೊತ್ತಿರೋ ಅಜ್ಜಿಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಆಕೆಯ ಬಾಯಿಂದಲೇ ಬರೆದುಕೊಳ್ಳಿ.

ಇನ್ನೊಂದು, ಇದು ಬಹಳ ಮುಖ್ಯ. ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ ಕಲಿತು, ಕನ್ನಡ ಓದೋಕೆ ಬಾರದ ಗೆಳೆಯರು ನಮ್ಮಲ್ಲಿ ಬಹಳ ಇದ್ದಾರೆ. ಅವರನ್ನು ನಾಚಿಸಬೇಡಿ. ಹಾಡಿನ ಹಾಳೆಯಲ್ಲಿ ಒಂದು ಕಡೆ ಅವರಿಗೆ ಗೊತ್ತಿರೋ ಲಿಪಿಯಲ್ಲಿ, ಪಕ್ಕದಲ್ಲೇ ಕನ್ನಡ ಲಿಪಿಯಲ್ಲಿ ಬರೆಯಿರಿ. ಕಂಠಪಾಠವಾದ ಹಾಡಿನ ಸಾಲನ್ನು ಕಣ್ಣು ತಾನೇ ಗುರುತು ಹಿಡಿಯುತ್ತೆ. ಅಕ್ಷರ ಬಾರದೆ ಜಪಾನಿ ಹಾಡು ಬಾಯಿಪಾಠ ಮಾಡಿದ ಹುಡುಗರಿಗೆ, ಅರ್ಥ ಗೊತ್ತಿರೋ ತಮ್ಮದೇ ಹಾಡಿನ ಅಕ್ಷರ ಕಲಿಯೋದು ಕಷ್ಟವಾ? ಪಕ್ಕದ ಮನೆಯ ಬೇರೆ ಭಾಷೆಯ ಗೆಳೆಯರನ್ನೂ ಕರೆಯಿರಿ. ನಮ್ಮ ಜಗಳ ಅವರ ಭಾಷೆಯ ಜೊತೆ ಅಲ್ಲವೇ ಅಲ್ಲ.

ಆ ಡೋಮಿನ ಛಾವಣಿ ನಿಂತಿರೋದು ಒಳಗಿನ ಒತ್ತಡ ಹೊರಗಿಗಿಂತ ಶೇಕಡ 0.3 ಹೆಚ್ಚು ಇರೋದರಿಂದ ಅಂತ ಹೇಳಿದ್ದೆವಲ್ಲ. ಹೊರಗಿನ ಗಾಳಿಯನ್ನು ಅವರು ತಡೆದಿಲ್ಲ. ಒಳಗೆ ಊದೋದನ್ನು ನಿಲ್ಲಿಸಿಲ್ಲ, ಅಷ್ಟೇ. ಮೊದಲ ತಿಂಗಳು ನಿಮ್ಮ ಸಂಜೆಗೆ ಏಳೇ ಜನ ಬಂದರೆ ಆ ಏಳು ಹೆಸರು ಒಂದು ಪುಸ್ತಕದಲ್ಲಿ ಬರೆದಿಡಿ. ಎರಡನೇ ತಿಂಗಳು ಅದೇ ದಿನ, ಅದೇ ಜಾಗದಲ್ಲಿ ಮತ್ತೆ ಬಾಗಿಲು ತೆರೆಯಿರಿ.

ಯಾವ ಊರಲ್ಲಿ ಶುರು ಮಾಡ್ತೀರಿ ಹೇಳಿ. ಹತ್ತಿರದವರು ಬಂದು ಎಂಟನೇ ಟಿಕೆಟ್ ನಾವೇ ತಗೋತೀವಿ.